ಕಂಬ ನೆಟ್ಟಗಿದೆಯಾ?

ಕೇಳುಗರಿಗೆ ನಮಸ್ಕಾರ. ಕಟ್ಟಡಗಳ ಫೋಟೊ ತೆಗೆಯಲು ಈಗಷ್ಟೇ ಶುರು ಮಾಡಿದವರಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದಾರೆ. ನನ್ನ ಹತ್ತಿರ ನಾಲ್ಕಿಲ್ಲ, ಒಂದೇ ಇರುವುದು. ಅದನ್ನು ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಫೋಟೊ ತೋರಿಸಿ "ಚೆನ್ನಾಗಿದೆಯಾ?" ಎಂದು ಯಾರನ್ನೂ ಕೇಳಬೇಡಿ. "ಎಲ್ಲಿ ತಪ್ಪಿದೆ?" ಎಂದು ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ.

ಚೆನ್ನಾಗಿದೆಯಾ ಎಂದು ಕೇಳಿದರೆ ಏನಾಗುತ್ತದೆ? ಭಾವಮೈದ "ಸೂಪರ್" ಅಂತಾನೆ. ಗೆಳೆಯ ಒಂದು ಹೆಬ್ಬೆರಳು ಕಳಿಸ್ತಾನೆ. ಅಲ್ಲಿಗೆ ಮುಗೀತು. ನೀವು ಇದ್ದಲ್ಲೇ ಇರುತ್ತೀರಿ. ನಾನೂ ಹಾಗೇ ಇದ್ದೆ, ಒಬ್ಬ ಗಾರೆ ಮೇಸ್ತ್ರಿ ಬರುವ ತನಕ.

ಆ ಕಥೆ ಹೇಳಲೇಬೇಕು. ಒಂದು ಬೆಳಿಗ್ಗೆ ಬೆಂಗಳೂರಿನ ವಿಧಾನಸೌಧದ ಫೋಟೊ ತೆಗೆದಿದ್ದೆ. ಅದರ ಮುಂಭಾಗ ಪೂರ್ವಕ್ಕಿದೆ, ಹಾಗಾಗಿ ಎಳೆ ಬಿಸಿಲು ನೇರ ಮುಖಕ್ಕೇ ಬೀಳುತ್ತದೆ. ಆ ಮೆಟ್ಟಿಲು, ಮೇಲೆ ಸಾಲಾಗಿ ಹನ್ನೆರಡು ಗ್ರಾನೈಟ್ ಕಂಬ. ಒಂದೊಂದೂ ಸುಮಾರು 40 ಅಡಿ. ಎಲ್ಲವೂ ಬರಲಿ ಎಂದು ಹತ್ತಿರ ನಿಂತು, ಕ್ಯಾಮೆರಾ ಮೇಲಕ್ಕೆತ್ತಿ ಕ್ಲಿಕ್ ಮಾಡಿದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಹಾಲ್‌ನಲ್ಲಿ ತೂಗುಹಾಕಿದೆ. ಬಂದವರೆಲ್ಲ ಹೊಗಳಿದರು. ಹೊಗಳದೆ ಹೋದವರಿಗೆ ನಾನೇ ತೋರಿಸಿ ಹೊಗಳಿಸಿಕೊಂಡೆ ಅನ್ನಿ.

ಆಮೇಲೆ ಒಂದು ಮಳೆಗಾಲ ಮುಗಿದ ಮೇಲೆ ಗೋಡೆ ರಿಪೇರಿಗೆ ಮೇಸ್ತ್ರಿ ಬಂದರು. ಟೀ ಕುಡಿಯುತ್ತಾ ಫೋಟೊ ಮುಂದೆ ನಿಂತರು. ನಿಂತೇ ಇದ್ದರು. ನನಗೆ ಒಳಗೊಳಗೇ ಖುಷಿ. "ಸಾರ್, ಈ ಕಂಬ ನಿಲ್ಲಿಸಿದ್ದು ಯಾರು?" ಅಂದರು. ನಾನು ಗತ್ತಿನಿಂದ, ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ್ದು, 1956ರಲ್ಲಿ ಮುಗಿದದ್ದು ಎಂದೆಲ್ಲ ಶುರು ಮಾಡಿದೆ. "ಅದಲ್ಲ ಸಾರ್. ಎಲ್ಲಾ ಹಿಂದಕ್ಕೆ ವಾಲಿದೆಯಲ್ಲ!"

ನಾನು ಲೆನ್ಸು ಗಿನ್ಸು ಎಂದು ಏನೋ ಸಮಜಾಯಿಷಿ ಕೊಟ್ಟೆ. ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ ಚೀಲದಿಂದ ತೂಗುಗುಂಡು ತೆಗೆದು, ದಾರವನ್ನು ಫೋಟೊ ಮುಂದೆ ಇಳಿಬಿಟ್ಟರು. ಎಡತುದಿಯ ಕಂಬ ಬಲಕ್ಕೆ ವಾಲಿತ್ತು, ಬಲತುದಿಯದು ಎಡಕ್ಕೆ. ನಡುವಿನದೊಂದು ಮಾತ್ರ ದಾರದ ಜೊತೆ ಹೋಗುತ್ತಿತ್ತು. "ಹಿಂಗೆ ಕಟ್ಟಿದ್ರೆ ನಮಗೆ ಕೂಲಿ ಕೊಡ್ತಿರಲಿಲ್ಲ ಸಾರ್" ಎಂದು ಲೋಟ ಇಟ್ಟು ಕೆಲಸಕ್ಕೆ ಹೋದರು.

ಅಷ್ಟು ದಿನ ಅಷ್ಟು ಜನ ನೋಡಿದ್ದರು, ಒಬ್ಬರೂ ಹೇಳಿರಲಿಲ್ಲ. ಯಾಕೆ? ನಾನು ಕೇಳಿದ್ದೇ ಚೆನ್ನಾಗಿದೆಯಾ ಎಂದು.

ಈಗ ಕಾರಣ ಕೇಳಿ. ರೈಲು ಹಳಿ ದೂರ ಹೋದಂತೆ ಕೂಡಿಕೊಂಡ ಹಾಗೆ ಕಾಣುತ್ತದೆ, ಅಲ್ವಾ? ಇದೂ ಅದೇ. ಕ್ಯಾಮೆರಾ ಮೇಲಕ್ಕೆತ್ತಿದರೆ ಕಟ್ಟಡದ ತಲೆ ದೂರದ ಹಳಿಯಾಗುತ್ತದೆ, ಬುಡ ಹತ್ತಿರದ್ದಾಗುತ್ತದೆ. ಕ್ಯಾಮೆರಾ ನೆಟ್ಟಗೆ ಹಿಡಿದರೆ ಕಂಬವೂ ನೆಟ್ಟಗೆ ನಿಲ್ಲುತ್ತದೆ. ಅಷ್ಟೇ.

"ಹಾಗೆ ಹಿಡಿದರೆ ಫೋಟೊದ ಅರ್ಧ ಬರೀ ರಸ್ತೆ ಬರುತ್ತದೆ ಸಾರ್" ಅಂತೀರಿ. ಬರಲಿ ಬಿಡಿ! ಮೊಬೈಲನ್ನು ಉದ್ದಕ್ಕೆ ಹಿಡಿಯಿರಿ, ಹಿಂದಕ್ಕೆ ಹೋಗಿ, ಕಟ್ಟಡ ಮೇಲಿನ ಅರ್ಧದಲ್ಲಿ ಕೂರಲಿ. ಮನೆಗೆ ಬಂದು ಕೆಳಗಿನ ರಸ್ತೆ ಕತ್ತರಿಸಿ ಎಸೆಯಿರಿ. ದುಡ್ಡು ಖರ್ಚಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ, ಅದೇ ನಿಮ್ಮ ತೂಗುಗುಂಡು. ಜಾಗ ಸಾಲದು ಎಂದು ಮೊಬೈಲ್ ಕ್ಯಾಮೆರಾದಲ್ಲಿ ಹೆಚ್ಚು ಅಗಲ ತೋರಿಸುವ 0.5 ಒತ್ತಬೇಡಿ, ಅಂಚಿನಲ್ಲಿ ಇರುವುದೆಲ್ಲ ರಬ್ಬರಿನಂತೆ ಎಳೆದುಕೊಳ್ಳುತ್ತದೆ. ನಾಲ್ಕು ಹೆಜ್ಜೆ ಹಿಂದಕ್ಕೆ ಇಡಿ. ಕಾಲು ಇರುವುದು ಯಾತಕ್ಕೆ?

ಎಡಿಟಿಂಗ್‌ಗೆ ಬರೋಣ. ಹೊಸಬರು ಮೊದಲು ಬಣ್ಣಕ್ಕೆ ಕೈ ಹಾಕುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ವಿಧಾನಸೌಧದ ಎದುರಿನ ಅಠಾರಾ ಕಚೇರಿ, ಅಂದರೆ ಹೈಕೋರ್ಟ್ ಕಟ್ಟಡ, ಮೊದಲೇ ಕೆಂಪು. ಅದಕ್ಕೆ ಇನ್ನೂ ಕೆಂಪು ಸುರಿದರೆ ಟೊಮೆಟೊ ಗೊಜ್ಜಾಗುತ್ತದೆ. ಮೊದಲು ಗೆರೆ ನೆಟ್ಟಗೆ ಮಾಡಿ. ಫೋಟೊ ತಿದ್ದುವ ಆ್ಯಪ್‌ಗಳಲ್ಲಿ ಇದಕ್ಕೆಂದೇ ಒಂದು ಜಾಗವಿದೆ, ಸ್ನ್ಯಾಪ್‌ಸೀಡ್‌ನಲ್ಲಿ ಪರ್ಸ್‌ಪೆಕ್ಟಿವ್, ಲೈಟ್‌ರೂಮ್‌ನಲ್ಲಿ ಟ್ರಾನ್ಸ್‌ಫಾರ್ಮ್ ಎಂದು ಇರುತ್ತದೆ. ಹಾಗೆ ನೇರ ಮಾಡುವಾಗ ಅಂಚು ಸ್ವಲ್ಪ ಹೋಗುತ್ತದೆ, ಅದಕ್ಕೇ ತೆಗೆಯುವಾಗ ಸುತ್ತ ಜಾಗ ಬಿಟ್ಟಿರಬೇಕು. ಆಮೇಲೆ ಕತ್ತರಿಸಿ, ಆಮೇಲೆ ಬೆಳಕು ಸರಿಮಾಡಿ. ಬಣ್ಣ ಕೊನೆಗೆ, ಅದೂ ಬೇಕಾದರೆ ಮಾತ್ರ.

ನನ್ನ ಮೇಸ್ತ್ರಿ ತುಂಬಾ ಹೊತ್ತು ತಿಂದುಬಿಟ್ಟರು. ಉಳಿದದ್ದು ಬೇಗ ಹೇಳುತ್ತೇನೆ.

ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋದವರೆಲ್ಲ ಮುಂದಿನಿಂದ ಒಂದು ತೆಗೆದು ವಾಪಸ್ ಬರುತ್ತಾರೆ. 1258ರ ಗುಡಿ ಅದು. ಗೋಡೆ ನಕ್ಷತ್ರದ ಹಾಗೆ ಮಡಚಿ ಮಡಚಿ ಹೋಗುತ್ತದೆ. ಮಲ್ಲಿತಮ್ಮ ಎಂಬ ಶಿಲ್ಪಿ ತಾನು ಕಡೆದ ಮೂರ್ತಿಗಳ ಕೆಳಗೆ ಹೆಸರನ್ನೂ ಕೆತ್ತಿದ್ದಾನೆ. ನೆತ್ತಿ ಬಿಸಿಲಿನಲ್ಲಿ ಮೂರ್ತಿಗಳ ಮುಖ ನೆರಳಲ್ಲಿ ಮುಳುಗುತ್ತದೆ. ಬಿಸಿಲು ಓರೆಯಾಗಿ ಗೋಡೆ ಸವರಿಕೊಂಡು ಹೋಗುವಾಗ ನಿಲ್ಲಿ, ಅವು ಎದ್ದು ಬರುತ್ತವೆ. ಬಾಗಿಲು ಪೂರ್ವಕ್ಕಿದೆ, ಹಾಗಾಗಿ ಹಿಂದಿನ ಗೋಡೆಗೆ ಮಧ್ಯಾಹ್ನದ ಮೇಲೆ ಹೋಗಿ. ಟ್ರೈಪಾಡ್ ಒಯ್ಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಿಲ್ಲದವರು ಮೊಣಕೈ ಎದೆಗೆ ಒತ್ತಿಕೊಂಡು ಉಸಿರು ಹಿಡಿದು ತೆಗೆಯಿರಿ.

ರಾತ್ರಿಯ ದೀಪಾಲಂಕಾರ ತೆಗೆಯಬೇಕಾದರೆ ಪೂರ್ತಿ ಕತ್ತಲಾಗುವ ತನಕ ಕಾಯಬೇಡಿ. ಸೂರ್ಯ ಮುಳುಗಿದ ಮೇಲೆ ಆಕಾಶ ಇನ್ನೂ ನೀಲಿಯಾಗಿರುವ ಆ ಸ್ವಲ್ಪ ಹೊತ್ತೇ ಸರಿ.

ಇನ್ನು ತೋರಿಸುವುದು. ಫೋಟೊಗ್ರಾಫರ್‌ಗಳಿಗೇ ತೋರಿಸಬೇಕೆಂದಿಲ್ಲ. ಅವರು ಲೆನ್ಸ್ ಯಾವುದು ಎಂದು ಕೇಳುತ್ತಾರೆ. ಬಡಗಿಗೆ ತೋರಿಸಿ, ಗಾರೆಯವರಿಗೆ ತೋರಿಸಿ, ಆ ಕಟ್ಟಡದಲ್ಲಿ ದಿನಾ ಕಸ ಗುಡಿಸುವವರಿಗೆ ತೋರಿಸಿ. ಎಲ್ಲಿ ತಪ್ಪಿದೆ ಎಂದು ಕೇಳಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ಕೇಳಿ. ಕಟ್ಟಡ ಬಿಟ್ಟು ಪಕ್ಕದ ಸ್ಕೂಟರ್‌ಗೆ ಹೋಯಿತು ಅಂದರೆ ವಾದ ಮಾಡಬೇಡಿ. ಮತ್ತೆ ಅದೇ ಜಾಗಕ್ಕೆ ಹೋಗಿ.

ನಾನೂ ಹೋದೆ. ಈ ಸಲ ಕ್ಯಾಮೆರಾ ನೆಟ್ಟಗೆ ಹಿಡಿದೆ, ಹನ್ನೆರಡೂ ಕಂಬ ಸಿಪಾಯಿಗಳ ಹಾಗೆ ನಿಂತವು. ಮೇಸ್ತ್ರಿಯನ್ನು ಕರೆಸಿ ತೋರಿಸಿದೆ. ಗುಂಡು ಬಿಟ್ಟು ನೋಡಿ ತಲೆಯಾಡಿಸಿದರು. "ಕಂಬ ಸರಿಯಾಗಿದೆ ಸಾರ್. ಆದರೆ ಮಧ್ಯದಲ್ಲಿ ಈ ಲೈಟು ಕಂಬ ಯಾಕೆ ಬಂತು?"

ಹೊತ್ತಾಯಿತು ಎಂದು ಸ್ಟುಡಿಯೊದವರು ಗಾಜಿನಾಚೆ ಕೈ ತೋರಿಸುತ್ತಿದ್ದಾರೆ. ನಮಸ್ಕಾರ.