ಕಿಲ್ಲಾರಿ ಕಡೆಯ ಹೆಂಗಸರು ಗೋಡೆ ಓದಲು ಕಲಿತಿದ್ದು

[ದೃಶ್ಯ: ಹಳೇ ಕಲ್ಲಿನ ಗೋಡೆ, ತೀರಾ ಹತ್ತಿರದಿಂದ]

ಈ ಗೋಡೆ ಸ್ವಲ್ಪ ನೋಡಿ. ಎರಡು ಅಡಿಗಿಂತ ಜಾಸ್ತಿ ದಪ್ಪ. ಆನೆ ಬಂದು ಗುದ್ದಿದರೂ ಬೀಳುವುದಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಒಳಗೆ ಇರುವುದು ಎರಡು ಗೋಡೆ. ಹೊರಗಡೆ ಒಂದು ಸಾಲು ಕಲ್ಲು, ಒಳಗಡೆ ಒಂದು ಸಾಲು ಕಲ್ಲು. ಮಧ್ಯದಲ್ಲಿ ಚೂರು ಕಲ್ಲು, ಮಣ್ಣು ತುಂಬಿದ್ದಾರೆ. ಎರಡನ್ನೂ ಹಿಡಿದಿಟ್ಟುಕೊಳ್ಳುವಂಥದ್ದು ಏನೂ ಇಲ್ಲ.

ಈಗ ಮೇಲೆ ನೋಡಿ. ಮರದ ತೊಲೆ, ಅದರ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಬೇಸಿಗೆಯಲ್ಲಿ ಮನೆ ತಂಪಾಗಿರುತ್ತದೆ. ಮಳೆಗಾಲಕ್ಕೆ ಸೋರಬಾರದು ಅಂತ ಮತ್ತೆ ಮತ್ತೆ ಮಣ್ಣು ಹಾಕುತ್ತಾರೆ. ಅಪ್ಪ ಹಾಕಿದ್ದರ ಮೇಲೆ ಮಗ ಹಾಕುತ್ತಾನೆ. ಹೀಗೆ ತಲೆ ಮೇಲಿನ ಭಾರ ಏರುತ್ತಲೇ ಹೋಗುತ್ತದೆ.

ಕಲಬುರಗಿ, ಬೀದರ್ ಕಡೆಯವರಿಗೆ ನಾನು ಇದನ್ನೆಲ್ಲ ಹೇಳಬೇಕಾಗಿಲ್ಲ. ಮಾಳಿಗೆ ಮನೆಯಲ್ಲೇ ಬೆಳೆದವರು ನೀವು. ಗಡಿ ದಾಟಿದರೆ ಮಹಾರಾಷ್ಟ್ರದ ಉಮರ್ಗಾ, ಅಲ್ಲಿಂದ ಮುಂದೆ ಕಿಲ್ಲಾರಿ. ಅಲ್ಲೂ ಇದೇ ಮನೆ, ಇದೇ ಕಪ್ಪು ಮಣ್ಣು.

[ದೃಶ್ಯ: ನಕ್ಷೆ. ಕಲಬುರಗಿ, ಉಮರ್ಗಾ, ಕಿಲ್ಲಾರಿ]

1993ರ ಸೆಪ್ಟೆಂಬರ್ 30. ಹಿಂದಿನ ದಿನ ಗಣಪತಿ ಬಿಟ್ಟಿದ್ದರು. ಮೆರವಣಿಗೆ ಮುಗಿಸಿ ಜನ ತಡವಾಗಿ ಮಲಗಿದ್ದರು. ಬೆಳಗಿನ ಜಾವ ಇನ್ನೇನು ನಾಲ್ಕು ಗಂಟೆ ಆಗಬೇಕು, ಭೂಮಿ ಅಲುಗಿತು. ತೀವ್ರತೆ 6.2. ಗೋಡೆಯ ಎರಡು ಸಾಲು ಎರಡು ಕಡೆಗೆ ಬಿಟ್ಟುಕೊಂಡವು. ಮೇಲಿನ ಮಣ್ಣು ಮಲಗಿದ್ದವರ ಮೇಲೆ ಕುಸಿಯಿತು. ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತಿರ ಹತ್ತಿರ 10 ಸಾವಿರ ಜನ ತೀರಿಕೊಂಡರು. ಉಸ್ಮಾನಾಬಾದಿಗೆ ಈಗ ಧಾರಾಶಿವ ಅಂತ ಹೆಸರು. ಆ ನಡುಕ ನಮ್ಮ ಕಡೆಯ ಊರುಗಳಿಗೂ ಮುಟ್ಟಿತ್ತು. ಆಗ ದೊಡ್ಡವರಾಗಿದ್ದವರನ್ನು ಕೇಳಿ ನೋಡಿ, ಅವರಿಗೆ ಇನ್ನೂ ನೆನಪಿರುತ್ತದೆ.

ಆಗಿನ ಸರ್ಕಾರಿ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ವಲಯದಲ್ಲಿ. ಆದರೆ 1992ರಿಂದಲೇ ಅಲ್ಲಿ ಸಣ್ಣ ಸಣ್ಣ ಕಂಪನ ಆಗುತ್ತಿತ್ತು. ಊರಿನವರಿಗೆ ಅದು ಗೊತ್ತಿತ್ತು. ನಕ್ಷೆಗೆ ಗೊತ್ತಿರಲಿಲ್ಲ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಆ ದಿನದ ಕಥೆ ಅಲ್ಲ, ಅದರ ಮುಂದಿನ ಕಥೆ. ದುರಂತ ಆದ ಊರಿನ ಜನರಿಗೆ, ಅದರಲ್ಲೂ ಹೆಂಗಸರಿಗೆ, ತರಬೇತಿ ಕೊಟ್ಟು ಕೈಗೆ ಕೆಲಸವನ್ನೂ ಕೊಟ್ಟರೆ ಏನಾಗುತ್ತದೆ ಅನ್ನುವ ಕಥೆ.

[ದೃಶ್ಯ: ತಗಡಿನ ಶೆಡ್ಡುಗಳ ಸಾಲು]

ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಸ್ಥಳಾಂತರ ಮಾಡಿದರು. ಸುದ್ದಿಯಲ್ಲಿ ಬಂದದ್ದು ಅವೇ. ಅವುಗಳ ಆಚೆ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮನೆ ನಿಂತೇ ಇತ್ತು, ಗೋಡೆ ಬಿರುಕು ಬಿಟ್ಟಿತ್ತು. ಸುಮಾರು 2 ಲಕ್ಷ ಮನೆ. ಅವುಗಳನ್ನು ರಿಪೇರಿ ಮಾಡಿ ಗಟ್ಟಿ ಮಾಡಬೇಕು. ದುಡ್ಡು ಸರ್ಕಾರದ್ದು, ಅದಕ್ಕೆ ವಿಶ್ವಬ್ಯಾಂಕ್ ಸಾಲ. ಕೆಲಸ ಮಾಡಿಸಬೇಕಾದವರು ಮನೆಯವರೇ.

ತೊಡಕು ಶುರುವಾದದ್ದು ಅಲ್ಲೇ. ಕಲ್ಲಿನ ಮನೆ ಅಂದರೆ ಜನರಿಗೆ ಭಯ. ಕಣ್ಣೆದುರೇ ಅಕ್ಕಪಕ್ಕದವರನ್ನು ಕೊಂದ ಮನೆ ಅದು. ಎಷ್ಟೋ ಜನ ಒಳಗೆ ಮಲಗುವುದನ್ನೇ ಬಿಟ್ಟಿದ್ದರು. ಅಂಥವರ ಹತ್ತಿರ ಹೋಗಿ "ಇದೇ ಗೋಡೆಗೆ ನಾಲ್ಕು ಕಡೆ ತೂತು ಕೊರೆದು ಸರಿ ಮಾಡಿಕೊಳ್ಳಿ" ಅಂದರೆ ಯಾರು ಕೇಳುತ್ತಾರೆ? ಎಲ್ಲರಿಗೂ ಬೇಕಾಗಿದ್ದದ್ದು ಆರ್‌ಸಿಸಿ ಮನೆ. ಒಬ್ಬ ಇಂಜಿನಿಯರಿಗೆ ಎಷ್ಟೋ ಹಳ್ಳಿ. ಅವರು ಬರುವ ಹೊತ್ತಿಗೆ ಗಂಡಸರು ಹೊಲದಲ್ಲಿ. ಸಭೆ ಕರೆದರೆ ಹೆಂಗಸರು ಕಟ್ಟೆ ಹತ್ತುತ್ತಿರಲಿಲ್ಲ.

ಆಗ ಸ್ವಯಂ ಶಿಕ್ಷಣ ಪ್ರಯೋಗ ಅನ್ನುವ ಸಂಸ್ಥೆ ಈ ಕೆಲಸಕ್ಕೆ ಬಂತು. ಕಟ್ಟಿದವರು ಪ್ರೇಮಾ ಗೋಪಾಲನ್. 2022ರಲ್ಲಿ ತೀರಿಕೊಂಡರು. ಹಳ್ಳಿಗಳಲ್ಲಿ ಹೆಸರಿಗೆ ಮಾತ್ರ ಇದ್ದ ಮಹಿಳಾ ಮಂಡಳಗಳನ್ನು ಎಬ್ಬಿಸಿ, ಅಲ್ಲಿನ ಹೆಂಗಸರಿಗೇ ಒಂದು ಹುದ್ದೆ ಕೊಡಿಸಿದರು. ಸಂವಾದ ಸಹಾಯಕ್. ಅಂದರೆ ಮಾತು ಮುಟ್ಟಿಸುವವರು.

ಹೆಸರು ಕೇಳಿದರೆ ಸಣ್ಣ ಕೆಲಸ ಅನ್ನಿಸಬಹುದು. ಹಾಗಲ್ಲ. ಯಾವ ಮನೆಗೆ ಎಷ್ಟು ದುಡ್ಡು, ಯಾವ ಕಂತು ಯಾವಾಗ, ಅದರಲ್ಲಿ ಏನು ಮಾಡಿಸಬೇಕು, ಇದೆಲ್ಲ ಆಕೆ ಮನೆಮನೆಗೆ ಹೇಳಬೇಕು. ಜನರ ತಕರಾರು ಇಂಜಿನಿಯರ್ ಹತ್ತಿರ ಒಯ್ಯಬೇಕು. ಕೆಲಸ ಸರಿಯಾಗಿ ಆಗುತ್ತಿದೆಯಾ ಅಂತ ನೋಡಬೇಕು. ಅದಕ್ಕೆ ಗೋಡೆ ಓದಲು ಬರಬೇಕು.

[ದೃಶ್ಯ: ಗೋಡೆಯ ಅಡ್ಡ ಸೀಳು ಚಿತ್ರ. ಎರಡು ಸಾಲು ಕಲ್ಲು, ನಡುವೆ ಕಬ್ಬಿಣದ ಕಂಬಿ]

ಹಾಗಾದರೆ ಗೋಡೆಯಲ್ಲಿ ಅವರು ಏನು ನೋಡುತ್ತಿದ್ದರು? ಮೊದಲನೆಯದು ಹೊಟ್ಟೆ. ಗೋಡೆ ಎಲ್ಲಾದರೂ ಉಬ್ಬಿದೆಯಾ? ಉಬ್ಬಿದ್ದರೆ ಎರಡು ಸಾಲು ಬೇರೆಯಾಗುತ್ತಿವೆ ಅಂತ ಅರ್ಥ. ಅಲ್ಲಿ ಕಲ್ಲು ಬಿಡಿಸಿ ಗೋಡೆಗೆ ಆರಪಾರ ತೂತು ಮಾಡಬೇಕು, ಎರಡೂ ತುದಿ ಬಾಗಿಸಿದ ಕಂಬಿ ಇಟ್ಟು ಕಾಂಕ್ರೀಟ್ ತುಂಬಬೇಕು. ಈ ಕಡೆಯ ಕಲ್ಲಿನ ಸಾಲು, ಆ ಕಡೆಯ ಸಾಲು ಕೈ ಹಿಡಿದುಕೊಂಡ ಹಾಗೆ ಆಗುತ್ತದೆ. ಆಮೇಲೆ ಬಾಗಿಲು, ಕಿಟಕಿಯ ಮೇಲಿನ ಮಟ್ಟದಲ್ಲಿ ಮನೆ ಸುತ್ತ ತಂತಿಬಲೆ ಕಟ್ಟಿ ಸಿಮೆಂಟ್ ಪಟ್ಟಿ. ಮನೆಗೆ ಡಾಬು ತೊಡಿಸಿದ ಹಾಗೆ ಅಂದುಕೊಳ್ಳಿ. ಎಲ್ಲೂ ತುಂಡಾಗದೆ ಸುತ್ತು ಬರಬೇಕು. ಮಾಳಿಗೆ ಮೇಲಿನ ಮಣ್ಣು ಕಡಿಮೆ ಮಾಡಬೇಕು. ಕಂಬಕ್ಕೂ ತೊಲೆಗೂ ಓರೆಯಾಗಿ ಮರದ ಆಸರೆ ಕೊಡಬೇಕು.

ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ನೋಡಿದರೆ ಅರ್ಥವಾಗುತ್ತದೆ. ಆದರೆ ಗೌಂಡಿ ಪಟ್ಟಿಯನ್ನು ಮೂರು ಗೋಡೆಗೆ ಸುತ್ತಿ, ನಾಲ್ಕನೆಯದಕ್ಕೆ ಕೈಬಿಟ್ಟರೆ ಅದನ್ನು ನೋಡುವ ಕಣ್ಣು ಬೇಕು. ಸಂಜೆ ಬಂದುಹೋಗುವ ಇಂಜಿನಿಯರಿಗೆ ಮೂರು ಗೋಡೆ ಕಾಣಬಹುದು. ಅದೇ ಓಣಿಯಲ್ಲಿ ಇರುವವಳಿಗೆ ನಾಲ್ಕೂ ಕಾಣುತ್ತದೆ.

ಇನ್ನೊಂದು ವಿಷಯ ನೀರಿನದು. ನನಗೆ ಇಡೀ ಕಥೆಯ ತಿರುಳೇ ಇದು ಅನ್ನಿಸುತ್ತದೆ. ಸಿಮೆಂಟ್ ಹಾಕಿದ ಮೇಲೆ ಕ್ಯೂರಿಂಗ್ ಮಾಡಬೇಕಲ್ಲ. ಕಡಿಮೆ ಅಂದರೂ ಒಂದು ವಾರ ಹಸಿ ಆರದ ಹಾಗೆ ನೀರು ಕುಡಿಸಬೇಕು. ಇಲ್ಲದಿದ್ದರೆ ಎಷ್ಟೇ ಒಳ್ಳೆ ಸಿಮೆಂಟ್ ಹಾಕಿದರೂ ಪುಡಿ ಪುಡಿ. ಈಗ ಹೇಳಿ, ಮರಾಠವಾಡದಂಥ ಬರದ ನಾಡಿನಲ್ಲಿ ಆ ನೀರು ಹೊತ್ತು ತರುವವರು ಯಾರು? ತಲೆ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಬರುವವರು ಹೆಂಗಸರು. ಕುಡಿಯುವುದಕ್ಕೇ ನೀರು ಸಾಲದಾಗ ಗೋಡೆಗೆ ಯಾಕೆ ಸುರಿಯಬೇಕು ಅಂತ ಆಕೆಗೆ ಗೊತ್ತಿರಬೇಕು. ಆ ಮಾತನ್ನು ಗಂಡಸರ ಸಭೆಯಲ್ಲಿ ಹೇಳಿ ಹೋದರೆ ಅದು ಕೊಡದ ತನಕ ಬರುವುದೇ ಇಲ್ಲ.

ಪಕ್ಕದ ಮನೆಯವಳು ಬಂದು ತನ್ನ ಮನೆ ಗೋಡೆಯನ್ನೇ ತೋರಿಸಿ ಹೇಳಿದರೆ ಬರುತ್ತದೆ.

[ದೃಶ್ಯ: ನೇರ ಸಾಲಿನ ಒಂದೇ ಥರದ ಮನೆಗಳು]

ಇದಕ್ಕೆ ಹೋಲಿಸಿ ಸ್ಥಳಾಂತರವಾದ ಹಳ್ಳಿಗಳನ್ನು ನೋಡಿ. ಅಲ್ಲಿ ಎಷ್ಟೋ ಕಡೆ ಸಂಸ್ಥೆಗಳು, ಗುತ್ತಿಗೆದಾರರು ಕಟ್ಟಿಕೊಟ್ಟರು. ಮನೆ ಬೇಗ ಸಿಕ್ಕಿತು, ಗಟ್ಟಿಯಾಗಿಯೂ ಇದೆ. ಆದರೆ ನಗರದ ಲೇಔಟ್ ಥರ ನೇರ ರಸ್ತೆ, ಒಂದೇ ಅಳತೆಯ ಮನೆ. ಎತ್ತು ಕಟ್ಟುವುದು ಎಲ್ಲಿ, ಕಾಳು ಒಣಗಿಸುವುದು ಎಲ್ಲಿ ಅಂತ ಕೇಳಿದವರು ಕಡಿಮೆ. ಆಮೇಲೆ ಜನ ತಮಗೆ ಬೇಕಾದ್ದನ್ನು ಪಕ್ಕದಲ್ಲಿ ತಾವೇ ಕಟ್ಟಿಕೊಂಡರು. ಭೂಕಂಪ ತಡೆಯುವ ವಿದ್ಯೆ ಮಾತ್ರ ಕಟ್ಟಿಕೊಟ್ಟವರ ಜೊತೆಗೇ ವಾಪಸ್ ಹೋಗಿತ್ತು.

2001ರ ಜನವರಿ 26. ಗುಜರಾತಿನ ಕಛ್‌ನಲ್ಲಿ ಭೂಕಂಪ. ಅಲ್ಲಿಗೆ ಲಾತೂರಿನ ಕಡೆಯಿಂದ ಹೆಂಗಸರು ಹೋದರು. ತಾವೂ ತಗಡಿನ ಶೆಡ್ಡಿನಲ್ಲಿ ದಿನ ಕಳೆದವರು, ಕಂತಿಗೆ ಕಾದವರು. ಕಛ್‌ನ ಹೆಂಗಸರ ಪಕ್ಕ ಕೂತು ಮಾತಾಡುವ ಅರ್ಹತೆ ಅವರಿಗಿಂತ ಜಾಸ್ತಿ ಇನ್ಯಾರಿಗಿದೆ? 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂತು. ಈ ಸಲ ಲಾತೂರಿನವರು, ಕಛ್‌ನವರು ಇಬ್ಬರೂ ತಮಿಳುನಾಡಿಗೆ ಹೋದರು. ನಾಗಪಟ್ಟಿನಂನಲ್ಲಿ ಮರಾಠಿ, ಗುಜರಾತಿ, ತಮಿಳು ಮೂರೂ ಒಟ್ಟಿಗೆ. ಭಾಷೆ ಬೇರೆ, ಮನೆ ಬೇರೆ, ಬಂದ ಆಪತ್ತೇ ಬೇರೆ. ಆದರೂ ಕೇಳಬೇಕಾದ ಪ್ರಶ್ನೆಗಳು ಅವೇ. ಪಟ್ಟಿಯಲ್ಲಿ ಯಾರ ಹೆಸರಿದೆ? ಯಾರದ್ದು ಬಿಟ್ಟುಹೋಗಿದೆ? ವಿಧವೆಗೆ, ಒಂಟಿ ಹೆಂಗಸಿಗೆ ಮನೆ ಯಾರ ಹೆಸರಲ್ಲಿ?

ಲಾತೂರಿನಲ್ಲಿ ರಿಪೇರಿ ಕೆಲಸ ಮುಗಿದ ಮೇಲೂ ಗುಂಪು ಚದುರಲಿಲ್ಲ. ಉಳಿತಾಯ ಶುರುವಾಯಿತು, ಸಾಲ ಕೊಡುವುದು ಶುರುವಾಯಿತು. ಮುಂದೆ ಬರಗಾಲದ ವರ್ಷಗಳಲ್ಲಿ ಅವರು ಕೈ ಹಾಕಿದ್ದು ಹೊಲಕ್ಕೆ. ಮನೆಯ ಜಮೀನಿನಲ್ಲಿ ಒಂದೆಕರೆ ನನಗೆ ಬಿಡಿ ಅಂತ ಹೆಂಗಸರು ಕೇಳಿದರು. ಅದರಲ್ಲಿ ಕಡಿಮೆ ನೀರಿನ ಕಾಳು, ಬೇಳೆ, ತರಕಾರಿ ಬೆಳೆದು, ಮೊದಲು ಮನೆಗೆ ಊಟ, ಮಿಕ್ಕಿದ್ದು ಮಾರುಕಟ್ಟೆಗೆ. ಈ ಕೆಲಸಕ್ಕೆ 2016ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಗೋಡೆ ಓದಲು ಕಲಿತ ಗುಂಪುಗಳಿಂದ ಬೆಳೆದದ್ದು ಅದು.

[ದೃಶ್ಯ: ಕೃಷ್ಣಾ ನದಿ ದಂಡೆ, ಬಿದ್ದ ಮಣ್ಣಿನ ಮನೆ]

ಈಗ ನಮ್ಮ ಕಡೆಗೆ ಬರೋಣ. ತರಬೇತಿ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ಆಪದ ಮಿತ್ರ ಯೋಜನೆ ಇದೆ. ಊರಿನ ಯುವಕ ಯುವತಿಯರಿಗೆ ಪ್ರಥಮ ಚಿಕಿತ್ಸೆ, ನೀರಿನಿಂದ ಎತ್ತುವುದು, ಹಗ್ಗ ಕಟ್ಟುವುದು ಕಲಿಸುತ್ತಾರೆ. ತುಂಬಾ ಬೇಕಾದ ಕೆಲಸ ಅದು. ಆದರೆ ಅದು ಮೊದಲ ಎರಡು ಮೂರು ದಿನದ ವಿದ್ಯೆ. ಆಮೇಲಿನ ಎರಡು ಮೂರು ವರ್ಷಕ್ಕೆ ಯಾರನ್ನು ತಯಾರು ಮಾಡಿದ್ದೇವೆ?

2019ರ ಆಗಸ್ಟ್ ನೆನಪಿದೆಯಾ? ಬೆಳಗಾವಿ, ಬಾಗಲಕೋಟೆ ಕಡೆ ನದಿ ಉಕ್ಕಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಪೂರ್ತಿ ಬಿದ್ದ ಎ ವರ್ಗದ ಮನೆಗೆ 5 ಲಕ್ಷ ರೂಪಾಯಿ, ಅದೂ ಕಂತಿನಲ್ಲಿ. ಎ ಯಾವುದು, ಸಿ ಯಾವುದು ಅನ್ನುವ ಒಂದು ಅಕ್ಷರದ ಮೇಲೆ ಒಂದು ಕುಟುಂಬದ ಮುಂದಿನ ಹತ್ತು ವರ್ಷ ನಿಂತಿತ್ತು. ಆ ಅಕ್ಷರವನ್ನು ಯಾವ ಆಧಾರದ ಮೇಲೆ ಬರೆಯುತ್ತಾರೆ, ತಪ್ಪಾದರೆ ಎಲ್ಲಿ ಅರ್ಜಿ ಕೊಡಬೇಕು, ಮುಂದಿನ ಕಂತಿಗೆ ಗೋಡೆ ಎಲ್ಲಿ ತನಕ ಏಳಬೇಕು, ಇದನ್ನೆಲ್ಲ ಓಣಿಯಲ್ಲಿ ಕೂತು ಬಿಡಿಸಿ ಹೇಳುವ ಇಬ್ಬರು ಹೆಂಗಸರು ಪ್ರತಿ ಊರಲ್ಲೂ ಇರಬೇಕು. ಸರ್ಕಾರವೇ ಅವರಿಗೆ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ಸಮೀಕ್ಷೆಗೆ ಬಂದವರ ಜೊತೆ ಅವರನ್ನೂ ಕರೆದುಕೊಂಡು ಹೋಗಬೇಕು. ನಾನು ಕೇಳುತ್ತಿರುವುದು ಇಷ್ಟೇ.

ಹೊಸದಾಗಿ ಗುಂಪು ಕಟ್ಟುವ ಕೆಲಸವೂ ಇಲ್ಲ. 2000ನೇ ಇಸವಿಯಿಂದ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿ ಇವೆ. ವಾರಕ್ಕೊಮ್ಮೆ ಸೇರುತ್ತಾರೆ. ಯಾರ ಮನೆ ಸೋರುತ್ತದೆ, ಯಾರು ಯಾವ ಸಾಲ ತೀರಿಸಿಲ್ಲ, ಯಾರ ಗಂಡ ಊರಲ್ಲಿಲ್ಲ, ಎಲ್ಲಾ ಅವರಿಗೆ ಗೊತ್ತು. ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ವಾರದ ಸಭೆಯಲ್ಲಿ ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ ಒಂದರ್ಧ ಗಂಟೆ ಎದ್ದು ಓಣಿ ಸುತ್ತಿ ಬನ್ನಿ. ಯಾವ ಗೋಡೆ ಹೊಟ್ಟೆ ಬಿಟ್ಟಿದೆ, ಅದರ ಪಕ್ಕ ಯಾವ ಮಗು ಮಲಗುತ್ತದೆ ಅಂತ ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ.