ಬಾಗಿಲು ತೆಗೆಯುವ ಪಾತ್ರದಿಂದ ಶುರುವಾದ ಕಥೆ

ಟಿಕೆಟ್ ಕ್ಯೂ ಉದ್ದ ಇದೆ, ಅಷ್ಟರಲ್ಲಿ ಈ ಕಟ್ಟಡದ ಕಥೆ ಹೇಳಿಬಿಡುತ್ತೇನೆ. ಇದು ಫ್ರಾನ್ಸ್‌ನ ಸೇಂಟ್ ಟ್ರೊಪೆ ಊರಿನ ಹಳೇ ಪೊಲೀಸ್ ಠಾಣೆ. 2016ರಿಂದ ಮ್ಯೂಸಿಯಂ. ಜನ ಇಲ್ಲಿ ಫೋಟೋ ತೆಗೆಸಿಕೊಳ್ಳುವುದು ನಿಜವಾದ ಪೊಲೀಸರಿಗಾಗಿ ಅಲ್ಲ, ಒಬ್ಬ ಸಿನಿಮಾ ಪೊಲೀಸಪ್ಪನಿಗಾಗಿ. ಆ ಪಾತ್ರ ಮಾಡಿದ ಹಾಸ್ಯನಟ ಲೂಯಿ ದ ಫ್ಯೂನೆಸ್.

ಹುಟ್ಟಿದ್ದು 1914ರಲ್ಲಿ, ಪ್ಯಾರಿಸ್ ಪಕ್ಕದ ಕೂರ್ಬವಾದಲ್ಲಿ. ಅಪ್ಪ ಅಮ್ಮ ಸ್ಪೇನ್‌ನವರು. ಹೊಟ್ಟೆಪಾಡಿಗೆ ಪ್ಯಾರಿಸ್‌ನ ಪಿಗಾಲ್ ಬಡಾವಣೆಯ ಬಾರ್‌ಗಳಲ್ಲಿ ರಾತ್ರಿಯಿಡೀ ಪಿಯಾನೋ ನುಡಿಸುತ್ತಿದ್ದರು. ಸಿನಿಮಾಗೆ ಬಂದಾಗ ವಯಸ್ಸು ಮೂವತ್ತು ದಾಟಿತ್ತು. ಸಿಕ್ಕ ಪಾತ್ರವಾದರೂ ಎಂಥದ್ದು? ಬಾಗಿಲು ತೆಗೆಯುವವನದ್ದು. ಕಣ್ಣು ಮಿಟುಕಿಸಿದರೆ ಕಾಣಿಸದೇ ಹೋಗಬಹುದು. ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಇಂಥವೇ ಚಿಲ್ಲರೆ ಪಾತ್ರಗಳು.

1964ರಲ್ಲಿ ಐವತ್ತು ತುಂಬಿತು. ಅದೇ ವರ್ಷ ಈ ಊರಿನ ಪೊಲೀಸ್ ಸಿನಿಮಾ ಬಂತು, ಫ್ರಾನ್ಸ್ ಪೂರ್ತಿ ನಕ್ಕಿತು. ಮೇಲಿನವರ ಮುಂದೆ ಬೆಣ್ಣೆ, ಕೆಳಗಿನವರ ಮೇಲೆ ಬೆಂಕಿ, ಅವರ ಪಾತ್ರ ಅಂಥದ್ದು. ಪ್ರತಿ ಆಫೀಸಿನಲ್ಲೂ ಹೀಗೆ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ?

ನನಗೆ ಜಾಸ್ತಿ ಇಷ್ಟ 1966ರ 'ಲಾ ಗ್ರಾಂದ್ ವಾದ್ರುಯ್'. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನ್ನರ ಕೈಯಲ್ಲಿದ್ದ ಕಾಲದ ಕಥೆ. ಫ್ಯೂನೆಸ್ ಆರ್ಕೆಸ್ಟ್ರಾ ನಡೆಸುವ ಗತ್ತಿನ ಕಂಡಕ್ಟರ್, ಇನ್ನೊಬ್ಬ ಹಾಸ್ಯನಟ ಬೂರ್ವಿಲ್ ಮನೆಗೆ ಬಣ್ಣ ಬಳಿಯುವವ. ಒಂದು ಕಡೆ ಫ್ಯೂನೆಸ್ ಗೋಡೆ ಹತ್ತಿ ಇಳಿಯುವಾಗ ಬೂರ್ವಿಲ್‌ರ ಹೆಗಲ ಮೇಲೆ ಬಂದು ಕೂರುತ್ತಾರೆ. ಇಳಿಯುವುದೇ ಇಲ್ಲ! ಹೆಗಲ ಮೇಲೆ ಕೂತೇ ಮುಂದಕ್ಕೆ ನಡೆಸುತ್ತಾರೆ. ಇದು ಸ್ಕ್ರಿಪ್ಟ್‌ನಲ್ಲೇ ಇರಲಿಲ್ಲವಂತೆ. ಫ್ರಾನ್ಸ್‌ನಲ್ಲೇ 1.7 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು. ಆ ದಾಖಲೆ ಮುರಿಯಲು 'ಟೈಟಾನಿಕ್' ಬರಬೇಕಾಯಿತು.

ಸದಾ ಸಿಡಿಮಿಡಿ ಅನ್ನುವ ಈ ಮನುಷ್ಯ ಮನೆಯಲ್ಲಿ ಮೌನಿ. 1975ರಲ್ಲಿ ಎರಡು ಸಲ ಹೃದಯಾಘಾತ ಆಯಿತು. ಸುಮ್ನೆ ಕೂರಲಿಲ್ಲ, ಮರುವರ್ಷವೇ ತೆರೆಗೆ ಮರಳಿದರು. ಉಳಿದ ಹೊತ್ತೆಲ್ಲ ನಾಂತ್ ನಗರದ ಹತ್ತಿರದ ಲ ಸೆಲಿಯೆ ಎಂಬ ಊರಿನ ಮನೆಯಲ್ಲಿ. ರಾಸಾಯನಿಕ ಹಾಕದೆ ತರಕಾರಿ, ಗುಲಾಬಿ ಬೆಳೆಯುತ್ತಿದ್ದರು. 1983ರ ಜನವರಿಯಲ್ಲಿ ತೀರಿಕೊಂಡರು, ಅದೇ ಊರಲ್ಲಿ ಮಣ್ಣು ಮಾಡಿದರು. ಕಿತ್ತಳೆ ಬಣ್ಣದ ಒಂದು ಗುಲಾಬಿ ತಳಿಗೆ ಈಗ ಅವರ ಹೆಸರಿದೆ.

ಟಿಕೆಟ್ ಸಿಕ್ಕಿತು. ಬನ್ನಿ, ಒಳಗೆ ಹೋಗೋಣ.