ಯೋಕೊಹಾಮಾ ಮುಚ್ಚದೆ ಉಳಿಸಿಕೊಂಡ ಗುಂಡಿ

ಜಪಾನಿನ ಯೋಕೊಹಾಮಾದಲ್ಲಿ, 296 ಮೀಟರ್ ಎತ್ತರದ ಲ್ಯಾಂಡ್‌ಮಾರ್ಕ್ ಟವರ್ ಪಕ್ಕದ ನೆಲಕ್ಕೆ ಎಷ್ಟು ಬೆಲೆ ಇರಬಹುದು, ನೀವೇ ಊಹಿಸಿ. ಅಂಥ ಜಾಗದಲ್ಲಿ ಒಂದು ಉದ್ದನೆಯ ಕಲ್ಲಿನ ಗುಂಡಿಯನ್ನ ಉಳಿಸಿಕೊಂಡಿದ್ದಾರೆ. ನಮ್ಮ ಕಲ್ಯಾಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತೆ. 1890ರ ದಶಕದಲ್ಲಿ ಕಟ್ಟಿದ ಡ್ರೈ ಡಾಕ್ ಅದು. ಹಡಗನ್ನ ಒಳಗೆ ತಂದು, ಬಾಗಿಲು ಹಾಕಿ, ನೀರನ್ನೆಲ್ಲ ಪಂಪ್ ಮಾಡಿ ಹೊರಗೆ ಹಾಕಿದರೆ ಹಡಗಿನ ತಳ ಕಾಣುತ್ತೆ. ಆಮೇಲೆ ಕೆರೆಯೋದು, ಬಡಿಯೋದು, ಬಣ್ಣ ಬಳಿಯೋದು.

ಇಲ್ಲಿ ಮಿತ್ಸುಬಿಷಿಯ ಶಿಪ್‌ಯಾರ್ಡ್ ಇತ್ತು. ಊರಿನ ಎರಡು ಪೇಟೆಗಳ ನಡುವೆ ಗೋಡೆ ಹಾಕಿದಂತೆ ಕೂತಿತ್ತು. ಅದನ್ನ ಬೇರೆ ಕಡೆಗೆ ಸಾಗಿಸಿ ಊರನ್ನ ಒಂದು ಮಾಡೋಣ ಅಂತ ನಗರಸಭೆ ಯೋಜನೆ ಮುಂದಿಟ್ಟಿದ್ದು 1965ರಲ್ಲಿ. ಕೆಲಸ ಶುರುವಾಗಿದ್ದು 1983ರಲ್ಲಿ. ಸಮುದ್ರ ತುಂಬಿಸಿ ಮಾಡಿದ ನೆಲವೂ ಸೇರಿ 186 ಹೆಕ್ಟೇರ್. ಅದೇ ಇವತ್ತಿನ ಮಿನಾತೊ ಮಿರಾಯ್.

ಇದನ್ನ ನಾನು ಮನಸಾರೆ ಮೆಚ್ಚುತ್ತೇನೆ. ಟವರ್ ಕಟ್ಟುವಾಗ ಡಾಕಿನ ಕಲ್ಲುಗಳನ್ನ ಬಿಚ್ಚಿ, ಮತ್ತೆ ಜೋಡಿಸಿದರು. ಇನ್ನೊಂದು ಡಾಕಿನಲ್ಲಿ ಈಗಲೂ ನೀರಿದೆ, 1930ರ ನಿಪ್ಪೊನ್ ಮಾರು ಅನ್ನೋ ಹಾಯಿ ಹಡಗು ತೇಲ್ತಾ ಇದೆ. ಗೂಡ್ಸ್ ರೈಲಿನ ಹಳೇ ಹಳಿ ಮೇಲೆ, ಅದೇ ಕಬ್ಬಿಣದ ಸೇತುವೆಗಳ ಮೇಲೆ, ಜನ ನಡೆದು ಹೋಗ್ತಾರೆ. ದಾರಿ ಮುಗಿದು ಸ್ವಲ್ಪ ಮುಂದೆ ಹೋದರೆ ಕೆಂಪು ಇಟ್ಟಿಗೆಯ ಎರಡು ಕಸ್ಟಮ್ಸ್ ಗೋದಾಮು. ಅವುಗಳಲ್ಲಿ ಒಂದು ಗಿಡ್ಡ, ಯಾಕೆ ಗೊತ್ತಾ? 1923ರ ಭೂಕಂಪದಲ್ಲಿ ಅದರ ಅರ್ಧ ಭಾಗ ಕುಸಿಯಿತು. 2002ರಲ್ಲಿ ಅಂಗಡಿ, ಹೋಟೆಲ್ ಮಾಡಿ ತೆರೆದಾಗಲೂ ಆ ಅರ್ಧವನ್ನ ಮತ್ತೆ ಕಟ್ಟಲಿಲ್ಲ. ಸರಿಯಾಗೇ ಮಾಡಿದರು.

ಆದರೆ ನನಗೆ ಒಂದು ತಕರಾರಿದೆ. ಕಲ್ಲು ಉಳೀತು, ಇಟ್ಟಿಗೆ ಉಳೀತು, ಕೆಲಸ ಮಾಡಿದ ಕೈಗಳು ಎಲ್ಲಿ? ಡಾಕಿನ ಗೋಡೆಯೊಳಗೇ ಊಟದ ಅಂಗಡಿಗಳಿವೆ. ಅಲ್ಲಿ ಕೂತು ಉಣ್ಣೋರಿಗೆ, ಇದೇ ತಳದಲ್ಲಿ ಮೈಯೆಲ್ಲ ತುಕ್ಕು ಮೆತ್ತಿಕೊಂಡು ದುಡಿದವರ ನೆನಪು ಬರೋದು ಕಷ್ಟ. ಪಕ್ಕದಲ್ಲಿ ಬಂದರಿನ ಮ್ಯೂಸಿಯಂ ಇದೆ, ನಿಜ. ಆದರೆ ಟಿಕೆಟ್ ತಗೊಂಡು ಹೋದವರಿಗೆ ಮಾತ್ರ ಸಿಗೋ ನೆನಪು ಸಾಲದು.

ಅದಕ್ಕೇ, ಹೋದವರು ದಯವಿಟ್ಟು ಯಮಾಶಿತಾ ಪಾರ್ಕಿನವರೆಗೂ ನಡೀರಿ. ಭೂಕಂಪದ ಅವಶೇಷವನ್ನೇ ಸಮುದ್ರಕ್ಕೆ ಸುರಿದು ಮಾಡಿದ ಪಾರ್ಕ್ ಅದು. ಅಲ್ಲೊಂದು ಪುಟ್ಟ ಗುಮ್ಮಟದ ನೀರಿನ ಮಂಟಪ ಇದೆ. ಭೂಕಂಪದ ಹೊತ್ತಿನಲ್ಲಿ ಊರು ತಮಗೆ ಕೊಟ್ಟ ಆಸರೆ ನೆನೆದು, ಸತ್ತ ತಮ್ಮವರ ನೆನಪಿಗೆ, ಇಲ್ಲಿನ ಭಾರತೀಯ ವ್ಯಾಪಾರಿಗಳು ಕಟ್ಟಿಸಿಕೊಟ್ಟಿದ್ದು. ಎದುರಿಗೇ ಹಿಕಾವಾ ಮಾರು ನಿಂತಿದೆ. ಈ ಹಡಗನ್ನ ಕಟ್ಟಿದ್ದು ಅದೇ ಶಿಪ್‌ಯಾರ್ಡ್‌ನಲ್ಲಿ, 1930ರಲ್ಲಿ. ಸಿಯಾಟಲ್‌ಗೆ ಜನರನ್ನ ಸಾಗಿಸ್ತು, ಯುದ್ಧದಲ್ಲಿ ಆಸ್ಪತ್ರೆ ಹಡಗಾಯ್ತು, ಮುಳುಗದೆ ಉಳೀತು. ಎಂಜಿನ್ ಕೋಣೆಗೆ ಇಳೀರಿ. ಡಾಕಿನಲ್ಲಿ ಕಾಣದ ಕೈಕೆಲಸ ಅಲ್ಲಿ ಕಾಣುತ್ತೆ.

ಪಕ್ಕದ ಯಮಾಶಿತಾ ಧಕ್ಕೆಗೆ, ಅಂದರೆ ಹಡಗಿನ ಸರಕು ಇಳಿಸೋ ಕಟ್ಟೆಗೆ, ಕ್ಯಾಸಿನೊ ತರೋ ಯೋಜನೆ ಇತ್ತು. ಬಂದರಿನ ಸರಕು ಸಾಗಣೆ ಸಂಘದ ಮುಖ್ಯಸ್ಥರಾಗಿದ್ದ ಹಿರಿಯ ಫುಜಿಕಿ ಯುಕಿಯೊ ಅವರೇ ಮುಂದೆ ನಿಂತು ವಿರೋಧಿಸಿದರು. 2021ರಲ್ಲಿ ಮೇಯರ್ ಚುನಾವಣೆ ಆಗಿ, ಹೊಸ ಮೇಯರ್ ಬಂದು, ಯೋಜನೆ ಬಿದ್ದುಹೋಯಿತು. ನನಗೆ ಅದು ದೊಡ್ಡ ಸಮಾಧಾನ. ಅಲ್ಲಿ ಮುಂದೆ ಏನೇ ಬರಲಿ, ನಕ್ಷೆ ಬರೆಯೋಕೆ ಮೊದಲು ಆ ಧಕ್ಕೆಯಲ್ಲಿ ಮೂಟೆ ಹೊತ್ತವರನ್ನ, ಕ್ರೇನ್ ಓಡಿಸಿದವರನ್ನ ಕೂರಿಸಿ ಕೇಳಬೇಕು: ಇಲ್ಲಿ ಯಾವುದನ್ನ ಉಳಿಸೋಣ, ಅದರ ಕಥೆ ಏನು ಅಂತ. ಅವರು ಹೇಳಿದ್ದನ್ನ ಎಲ್ಲರೂ ಓಡಾಡೋ ದಾರಿಯಲ್ಲೇ, ಟಿಕೆಟ್ ಇಲ್ಲದೆ ಓದೋ ಹಾಗೆ ಬರೆದು ಹಾಕಬೇಕು.